ಪ್ರತಿ ವರ್ಷ ಒಂದು ಚಿಕ್ಕ ಅಂಗಿ

ವಾಕ್ಯಭಾಗ: 1 ಸಮುವೇಲ 2:18–21

 

ಕ್ರಿಸ್ಮಸ್ ಹತ್ತಿರ ಬಂತು. ಪ್ರಾರ್ಥನೆಗೆ ಹೋದ ಮನೆಗಳಲ್ಲೆಲ್ಲಾ ಒಂದೇ ಪ್ರಶ್ನೆ: "ಪಾಸ್ಟರ್, ಮಗನಿಗೆ ಏನು ಕೊಡೋದು? ಮನೆ ತುಂಬಾ ಆಟಸಾಮಾನು ಇದೆ, ಒಂದರಲ್ಲೂ ಆಡಲ್ಲ." ನಂದಿದುರ್ಗದ ಲೈನ್ ಮನೆಗಳು ನಿಮಗೆ ಗೊತ್ತಲ್ವಾ? ಕಾಲಿಡೋಕೆ ಜಾಗ ಇಲ್ಲ. ಮಂಚದ ಕೆಳಗೆ ಚಕ್ರ ಹೋದ ಕಾರು, ಬ್ಯಾಟರಿ ಮುಗಿದ ರೋಬೋ. ಅದರ ಮೇಲೆ ಇನ್ನೊಂದು ಡಬ್ಬ ತರಬೇಕಾ?

ಹನ್ನಳನ್ನು ನೋಡಿರಿ. ಅತ್ತು ಬೇಡಿ ಪಡೆದ ಮಗನನ್ನು ಶೀಲೋವಿನಲ್ಲಿ ಬಿಟ್ಟು ಬಂದಳು. ವರ್ಷಕ್ಕೊಮ್ಮೆ ಯಜ್ಞಕ್ಕೆ ಹೋಗುವಾಗ ಅವನಿಗಾಗಿ ಒಂದು ಚಿಕ್ಕ ನಿಲುವಂಗಿ ಹೊಲಿದು ಒಯ್ಯುತ್ತಿದ್ದಳು. ಒಂದೇ ಒಂದು! ಮಗನ ಜೊತೆ ಇರಲಾರದ ತಾಯಿ ಅವಳು. ಆ ನೋವಿಗೆ ಹತ್ತು ಮೂಟೆ ಕೊಡಬಹುದಿತ್ತು. ಕೊಡಲಿಲ್ಲ.

ಇದರಲ್ಲಿ ಮೂರು ಸಂಗತಿ ಇದೆ.

ಮೊದಲನೆಯದು, ಅಳತೆ. ಅವನು ಈ ವರ್ಷ ಎಷ್ಟು ಬೆಳೆದಿರಬಹುದು, ಭುಜ ಎಷ್ಟು ಅಗಲವಾಗಿರಬಹುದು ಅಂತ ಅವಳು ಯೋಚಿಸಿರಲೇಬೇಕು. ಮಗನನ್ನು ಬಲ್ಲವಳು ಮಾತ್ರ ಆ ಅಂಗಿ ಹೊಲಿಯಬಲ್ಲಳು. ಅಪ್ಪಂದಿರೇ, ನಿಮ್ಮ ಮಗನ ಚಪ್ಪಲಿ ಅಳತೆ ನಿಮಗೆ ಗೊತ್ತಾ? ಅವನು ಈಗ ಯಾವುದಕ್ಕೆ ಹೆದರುತ್ತಾನೆ, ಏನು ಕಲಿಯಬೇಕೆಂದಿದ್ದಾನೆ, ಗೊತ್ತಾ? 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ನಮ್ಮ ಊರಿನ ಎಷ್ಟೋ ಜನ ರೈಲು ಹತ್ತಿ ಬೆಂಗಳೂರಿಗೆ ಓಡ್ತಾ ಇದ್ದಾರೆ. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರೋದು. ಮಗ ಏಳೋ ಮುಂಚೆ ಹೊರಟು, ಮಲಗಿದ ಮೇಲೆ ಬರ್ತೀರಿ. ಇದು ನಿಮ್ಮ ತಪ್ಪಲ್ಲ, ದೇವರಿಗೆ ಗೊತ್ತು. ಆದರೆ ಆ ಕೊರತೆಯನ್ನು ಪ್ಲಾಸ್ಟಿಕ್‌ನಿಂದ ತುಂಬೋಕೆ ಆಗಲ್ಲ.

ಎರಡನೆಯದು, ಉಪಯೋಗ. ಅಂಗಿ ಮೂಲೆಯಲ್ಲಿ ಬೀಳಲಿಲ್ಲ, ಮೈಮೇಲೆ ಇತ್ತು. ಕೊಡುವ ಮುಂಚೆ ಕೇಳಿಕೊಳ್ಳಿ: ಯುಗಾದಿ ಬಂದಾಗಲೂ ಅವನು ಇದನ್ನು ಮುಟ್ಟುತ್ತಾನಾ? ಒಂದು ಚೆಂಡು, ಬಣ್ಣದ ಪೆನ್ಸಿಲ್, ಅವನ ಹೆಸರು ಬರೆದ ಮಕ್ಕಳ ಸತ್ಯವೇದ, ಚನ್ನಪಟ್ಟಣದ ಒಂದು ಮರದ ಬುಗುರಿ ಸಾಕು. ಕಾರ್ಖಾನೆ ಆಟಿಕೆ ಆದರೆ ಐಎಸ್ಐ ಗುರುತು ನೋಡಿ, 2021ರ ಜನವರಿ 1ರಿಂದ ಅದು ಕಡ್ಡಾಯ. ತೀರಾ ಚಿಕ್ಕವನಾದರೆ ಬಾಯಿಗೆ ಹೋಗುವ ಸಣ್ಣ ತುಂಡು, ಗುಂಡಿ ಬ್ಯಾಟರಿ ಬೇಡವೇ ಬೇಡ. ಅಜ್ಜಿ, ಮಾವ, ಅತ್ತೆ ಎಲ್ಲರೂ ಸೇರಿ ಒಂದೇ ಸೈಕಲ್ ಕೊಡಿಸಬಹುದು. ಸಾಲ ಮಾಡಿ ಮಾತ್ರ ಬೇಡ. ಬಡ್ಡಿ ಕಟ್ಟುವಾಗ ಮನೆಯಲ್ಲಿ ಆಗುವ ಜಗಳವನ್ನೂ ಆ ಮಗುವೇ ಕೇಳಬೇಕು.

ಮೂರನೆಯದು, ಸಮಯ. ಹೊಲಿಯೋದಕ್ಕೆ ದಿನ ಬೇಕು, ಒಯ್ಯೋದಕ್ಕೆ ಪ್ರಯಾಣ ಬೇಕು. ಅವಳು ಕಳಿಸಲಿಲ್ಲ, ತಾನೇ ಹೋದಳು. ರಜೆಯಲ್ಲಿ ಒಂದು ದಿನ ಮಗನಿಗೇ ಕೊಡಿ. ಬಂಗಾರಪೇಟೆಗೆ ಕರಕೊಂಡು ಹೋಗಿ ಪಾನಿಪೂರಿ ತಿನ್ನಿಸಿ, ಫೋನ್ ಜೇಬಲ್ಲಿಡಿ. ಅದಕ್ಕೆ ಕಪಾಟಿನಲ್ಲಿ ಜಾಗ ಬೇಡ.

ನಮ್ಮ ಸೈನೈಡ್ ದಿಬ್ಬಗಳನ್ನು ನೋಡಿ. ಒಂದು ಟನ್ ಕಲ್ಲು ಪುಡಿ ಮಾಡಿದರೆ ಸಿಕ್ಕಿದ್ದು ಕೆಲವು ಗ್ರಾಂ ಚಿನ್ನ. ಚಿನ್ನ ಎಲ್ಲೋ ಹೋಯ್ತು, ದಿಬ್ಬ ಇಲ್ಲೇ ಉಳಿಯಿತು, ಗಾಳಿ ಬೀಸಿದರೆ ಧೂಳು ನಮ್ಮ ಕಣ್ಣಿಗೆ. ನಮ್ಮ ಮಕ್ಕಳಿಗೆ ದಿಬ್ಬ ಕೊಡಬೇಡಿ, ಚಿನ್ನ ಕೊಡಿ. ಆಮೆನ್?

ಲೂಕ 12:15ರಲ್ಲಿ ಕರ್ತನು ಎಚ್ಚರಿಸಿದ್ದೂ ಇದನ್ನೇ: ಎಷ್ಟು ಆಸ್ತಿ ಇದ್ದರೂ ಅದರಿಂದ ಜೀವ ಬರೋದಿಲ್ಲ. ತಂದೆಯಾದ ದೇವರು ನಮಗೆ ಲೆಕ್ಕವಿಲ್ಲದಷ್ಟು ವಸ್ತು ಕಳಿಸಲಿಲ್ಲ, ತನ್ನ ಮಗನನ್ನೇ ಕೊಟ್ಟನು. ಆತನು ನಮ್ಮ ಮಧ್ಯದಲ್ಲಿ ಬಂದು ವಾಸಿಸಿದನು.

ಪ್ರಾರ್ಥಿಸೋಣ. ಕರ್ತನೇ, ನಮ್ಮ ಮಕ್ಕಳನ್ನು ಬಲ್ಲ ಹೃದಯ ಕೊಡು. ದೂರದಲ್ಲಿ ದುಡಿಯುವ ತಂದೆತಾಯಿಗಳನ್ನು ಸುರಕ್ಷಿತವಾಗಿ ಮನೆಗೆ ಸೇರಿಸು. ಈ ಚಿಕ್ಕವರು ಸಮುವೇಲನಂತೆ ನಿನ್ನ ದಯೆಯಲ್ಲಿಯೂ ಮನುಷ್ಯರ ದಯೆಯಲ್ಲಿಯೂ ಬೆಳೆಯಲಿ. ಯೇಸುವಿನ ನಾಮದಲ್ಲಿ, ಆಮೆನ್.