ಉಪ್ಪಿಟ್ಟವರನ್ನು ನೆನೆಯುವುದು

ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ. ಈ ಗಾದೆಯನ್ನು ನಾವು ಹೆಚ್ಚಾಗಿ ಬಳಸುವುದು ಧಣಿ, ಸಾಹುಕಾರರ ಮಾತು ಬಂದಾಗ. ಕೆಲಸ ಕೊಟ್ಟವರನ್ನು, ಕಷ್ಟಕ್ಕಾದವರನ್ನು ಮರೆಯಬೇಡ, ಅವರಿಗೆ ದ್ರೋಹ ಬಗೆಯಬೇಡ ಎಂದು ಕಿರಿಯರಿಗೆ ಹೇಳುತ್ತೇವೆ. ಆದರೆ ದ್ರೋಹ ಬೇಡ ಎನ್ನುವುದಕ್ಕೆ ನಮ್ಮಲ್ಲಿ ಬೇರೆಯೇ ಗಾದೆಯಿದೆ: ಉಂಡ ಮನೆಗೆ ಎರಡು ಬಗೆಯಬೇಡ. ಅದು ಕೈ ಹಿಡಿದು ತಡೆಯುವ ಮಾತು. ಉಪ್ಪಿನ ಗಾದೆ ಕೇಳುವುದು ಅದಕ್ಕಿಂತ ದೊಡ್ಡದನ್ನು. ಸುಮ್ಮನಿದ್ದರೆ ಸಾಲದು, ನೆನೆಯಬೇಕು. ಅದೂ ಬದುಕಿರುವಷ್ಟು ಕಾಲ. ಹಾಗೆ ನೆನೆಯಬೇಕಾದವರು ಯಾರು ಎಂದು ಕೇಳಿಕೊಂಡರೆ ಧಣಿಯ ಮುಖ ಹಿಂದೆ ಸರಿಯುತ್ತದೆ. ನಮಗೆ ಹೊತ್ತು ಹೊತ್ತಿಗೆ ಉಪ್ಪಿಟ್ಟವಳು ಮನೆಯ ಹೆಂಗಸು.

ಕಡೂರು ತಾಲ್ಲೂಕಿನ ಹಿರೇನಲ್ಲೂರಿನಂಥ ಊರಿನಲ್ಲಿ ನಿಂತು ಈ ಮಾತನ್ನು ಯೋಚಿಸಬೇಕು. ಚಿಕ್ಕಮಗಳೂರು ಎಂದರೆ ಕಾಫಿ, ಮಳೆ, ಗಿರಿ ಎನ್ನುವವರಿಗೆ ಈ ಹೋಬಳಿ ಕಣ್ಣಿಗೆ ಬೀಳುವುದೇ ಇಲ್ಲ. ಇದು ಬಯಲುಸೀಮೆ. ರಾಗಿ, ತೆಂಗು, ಕೈಕೊಡುವ ಮಳೆ, ಬತ್ತುವ ಕೊಳವೆಬಾವಿ. ಇಲ್ಲಿಯ ಗೃಹಿಣಿಯ ದಿನ ಬೆಳಗಾಗುತ್ತಿದ್ದದ್ದೇ ನೀರಿನ ಚಿಂತೆಯಿಂದ. ಕೊಡ ಹೊತ್ತು ತರಬೇಕು, ಕೊಟ್ಟಿಗೆಯ ಸಗಣಿ ಬಾಚಬೇಕು, ಹಾಲು ಕರೆಯಬೇಕು, ಮಕ್ಕಳನ್ನು ಎಬ್ಬಿಸಿ ಶಾಲೆಗೆ ಹೊರಡಿಸಬೇಕು. ಹುರುಳಿಕಾಳಿನ ಸಾರಿಗೆ ಖಾರ ಅರೆದು, ಮುದ್ದೆ ತಿರುವಿ, ಎಲ್ಲರಿಗೂ ಬಡಿಸಿ ತಾನು ಕೊನೆಗೆ ಕೂರಬೇಕು. ಆ ಹೊತ್ತಿಗೆ ಸಾರು ತಳ ಕಂಡಿದ್ದರೆ ಅದು ಯಾರಿಗೂ ತಿಳಿಯುತ್ತಿರಲಿಲ್ಲ.

ಇಷ್ಟರ ಮೇಲೆ ಊರಿನ ಕೆಲಸ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಅಕ್ಕಪಕ್ಕದ ಮನೆಗಳಿಂದ ಅನ್ನ ಸಾರು ಹೋಗುತ್ತದೆ. ಕಳಿಸಿ ಎಂದು ಯಾರೂ ಹೇಳಿರುವುದಿಲ್ಲ. ನೆರೆಮನೆಯ ಬಾಣಂತಿಗೆ ನೀರು ಹಾಕುವುದು, ಜಾತ್ರೆಯ ದಾಸೋಹಕ್ಕೆ ತರಕಾರಿ ಹೆಚ್ಚಿಕೊಡುವುದು, ಮದುವೆ ಮನೆಗೆ ಹೋಗಿ ಹಪ್ಪಳ ಒತ್ತುವುದು, ತಾಯಿಯಿಲ್ಲದ ಹುಡುಗಿಯ ಆರತಿಗೆ ತಾನೇ ತಾಯಿಯಾಗಿ ನಿಲ್ಲುವುದು. ಸಮಾಜಸೇವೆ ಎಂದರೆ ಸಂಘ, ಪದಾಧಿಕಾರಿ, ಶಾಲು ಎಂದುಕೊಂಡವರು ಇದನ್ನು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ಮಟ್ಟಿಗೆ ಊರೊಂದು ಊರಾಗಿ ಉಳಿಯುವುದು ಇವರಿಂದಲೇ. 2002ರಲ್ಲಿ ಈಶಾನ್ಯ ಕರ್ನಾಟಕದ 7 ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ನಾಡಿಗೆಲ್ಲ ಹಬ್ಬಿದ ಅಕ್ಷರ ದಾಸೋಹದ, ಅಂದರೆ ಶಾಲೆಯ ಬಿಸಿಯೂಟದ, ಅಡುಗೆಮನೆಗಳಲ್ಲೂ ನಿಂತಿರುವವರು ಇಂಥ ತಾಯಂದಿರೇ. ಮನೆಯ ಅಡುಗೆ ಮುಗಿಸಿ ಬಂದು ಊರ ಮಕ್ಕಳಿಗೆಲ್ಲ ಬೇಯಿಸುತ್ತಾರೆ. ಅವರಿಗೆ ಸಿಗುವುದನ್ನು ಇಂದಿಗೂ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ.

ಲೆಕ್ಕ ಇಡುವವರು ಈಚೆಗೆ ಈ ಕಡೆ ತಿರುಗಿ ನೋಡಿದ್ದಾರೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಅದಕ್ಕಾಗಿ ಕಳೆಯುವುದು 299 ನಿಮಿಷ, ಗಂಡಸರು 97. ಅಂಥ ಕೆಲಸಕ್ಕೆ ಕೈಹಾಕುವ ಗಂಡಸರೇ ನೂರಕ್ಕೆ 26 ಜನ. 2021ರ ಜನವರಿಯಲ್ಲಿ ಅಪಘಾತ ಪರಿಹಾರದ ಪ್ರಕರಣವೊಂದರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 2011ರ ಜನಗಣತಿಯನ್ನು ಎತ್ತಿಕೊಂಡು, ಮನೆಗೆಲಸವೇ ತಮ್ಮ ಮುಖ್ಯ ಕೆಲಸ ಎಂದ ಹೆಂಗಸರು ಸುಮಾರು 16 ಕೋಟಿ ಇದ್ದಾರೆ ಎಂದಿತು. ಗೃಹಿಣಿ ಏನೂ ದುಡಿಯುವುದಿಲ್ಲ ಎಂಬ ತಿಳಿವಳಿಕೆಯೇ ತಪ್ಪು ಎಂದೂ ಹೇಳಿತು. ಆದರೆ ಇಂಥ ಲೆಕ್ಕ ನ್ಯಾಯಾಲಯಕ್ಕೆ ಬರುವುದು ಹೆಚ್ಚಾಗಿ ಆಕೆ ಸತ್ತ ಮೇಲೆ, ಪರಿಹಾರದ ಮೊತ್ತಕ್ಕಾಗಿ.

ನೆನಪಿನ ಕಲ್ಲುಗಳಿಗೆ ಈ ಸೀಮೆಯಲ್ಲಿ ಬರವಿಲ್ಲ. ಕಡೂರಿನ ಕ್ರಿ.ಶ. 971ರ ಶಾಸನ ಪಾಂಬಬ್ಬೆಯನ್ನು ನೆನೆಯುತ್ತದೆ. ಗಂಗ ದೊರೆ ಬೂತುಗನ ಅಕ್ಕ ಆಕೆ. ತಲೆಗೂದಲು ಕಿತ್ತು ದೀಕ್ಷೆ ಪಡೆದು 30 ವರ್ಷ ತಪಸ್ಸು ಮಾಡಿದವಳು. ನಾಡಿನಲ್ಲಿ ಬೇಕಾದಷ್ಟು ಮಾಸ್ತಿಕಲ್ಲುಗಳೂ ಇವೆ, ಬಳೆ ತೊಟ್ಟ ತೋಳನ್ನು ಮೇಲೆತ್ತಿದವು. ಪಾಂಬಬ್ಬೆಯ ತಪಸ್ಸಿಗೆ ನಮಸ್ಕಾರ. ಆದರೆ ಈ ಕಲ್ಲುಗಳನ್ನು ಒಟ್ಟಿಗೆ ನೋಡಿದಾಗ ನೋವಾಗುತ್ತದೆ: ಹೆಣ್ಣಿನ ಹೆಸರು ಕಲ್ಲಿಗೇರಬೇಕಾದರೆ ಆಕೆ ರಾಜಮನೆತನದವಳಾಗಿರಬೇಕಿತ್ತು, ಮನೆ ಬಿಡಬೇಕಿತ್ತು, ಇಲ್ಲವೇ ಚಿತೆ ಏರಬೇಕಿತ್ತು. ಮನೆಯಲ್ಲಿದ್ದು, ಬದುಕಿದ್ದು, ಐವತ್ತು ವರ್ಷ ಅನ್ನ ಬೇಯಿಸಿದವಳಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ಅವಳ ಪರವಾಗಿ ಮಾತಾಡಿದ್ದು ಈ ಗಾದೆಯೊಂದೇ. ಅದು ಆ ಹೊಣೆಯನ್ನು ಅರಸನಿಗೆ ಒಪ್ಪಿಸಲಿಲ್ಲ, ಉಂಡವನ ಮೇಲೆ ಹೊರಿಸಿತು.

ಮುಪ್ಪಿನ ತನಕ ಎಂದದ್ದೇಕೆ? ಪ್ರಾಸಕ್ಕಾಗಿ ಮಾತ್ರ ಇರಲಾರದು. ಉಪ್ಪು ಹದವಾಗಿದ್ದ ದಿನ ಊಟದ ಸಾಲಿನಲ್ಲಿ ಯಾರೂ ಉಪ್ಪಿನ ಮಾತೆತ್ತುವುದಿಲ್ಲ. ತಾಯಿಯ ದುಡಿಮೆಯೂ ಮಕ್ಕಳಿಗೆ ಹಾಗೆಯೇ. ನಮ್ಮ ಮಂಡಿ ಹಿಡಿದುಕೊಂಡು, ಒಂದು ಲೋಟ ನೀರಿಗೂ ಇನ್ನೊಬ್ಬರನ್ನು ಕೂಗುವ ಕಾಲ ಬಂದಾಗ ಆಕೆ ಹೊತ್ತ ಕೊಡಗಳ ಭಾರ ತಿಳಿಯುತ್ತದೆ. ಅಷ್ಟರಲ್ಲಿ ಆಕೆ ಇರುವುದಿಲ್ಲ.

ಆಕೆ ತೀರಿಕೊಂಡಾಗ ನಾವು ಬರೆಸುವ ಶ್ರದ್ಧಾಂಜಲಿಯಲ್ಲಿ ಇರುವುದು ಮಮತಾಮಯಿ, ತ್ಯಾಗಮಯಿ ಎಂಬ ಪದಗಳು. ಯಾರ ಫೋಟೋದ ಕೆಳಗಾದರೂ ಹೊಂದುತ್ತವೆ. ಇದು ನೆನೆಯುವುದಲ್ಲ. ಯಾವ ಬರಗಾಲದಲ್ಲಿ ಯಾರ ಮಕ್ಕಳಿಗೆ ಮುದ್ದೆ ಹಾಕಿದಳು, ಯಾವ ಒಡವೆ ಅಡವಿಟ್ಟು ಯಾರ ಫೀಸು ಕಟ್ಟಿದಳು, ಏನು ಕಲಿಯಬೇಕೆಂದಿದ್ದು ಬಿಟ್ಟಳು ಎಂದು ಹೇಳಬಲ್ಲವನು ಮಾತ್ರ ಉಪ್ಪನ್ನು ನೆನೆದಂತೆ. ತ್ಯಾಗಮಯಿ ಎಂದು ಅಮ್ಮನನ್ನು ಹೊಗಳಿ ಅದೇ ಹೊರೆಯನ್ನು ಸೊಸೆಯ ತಲೆಗೆ ದಾಟಿಸುವುದಂತೂ ನೆನಪಿನ ಹೆಸರಿನಲ್ಲಿ ಮಾಡುವ ಅನ್ಯಾಯ. ನೆನೆಯುವ ಗಂಡುಮಕ್ಕಳು ಅಡುಗೆಮನೆಗೂ ಹೋಗಬೇಕು.

ನಿಮ್ಮ ಮನೆಯಲ್ಲಿ ಅಮ್ಮ, ಅಜ್ಜಿ, ಅತ್ತೆ ಇನ್ನೂ ಇದ್ದರೆ, ಈ ಭಾನುವಾರ ಅವರ ಹತ್ತಿರ ಕೂತು ಇದನ್ನೆಲ್ಲ ಕೇಳಿ. ಅವರು ಹೇಳಿದ್ದನ್ನು ಹೆಸರು, ವರ್ಷಗಳ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.