ಫಲ ಬಯಸದ ಹಣ

ಘಾಟಿ ಸುಬ್ರಹ್ಮಣ್ಯದಲ್ಲೋ ಶಿವಗಂಗೆಯಲ್ಲೋ ಅನ್ನದಾನಕ್ಕೆ ರಸೀದಿ ಬರೆಸುವವರು ತಮಗೆಷ್ಟು ಲಾಭವೆಂದು ಕೇಳುವುದಿಲ್ಲ. ತಾಲ್ಲೂಕು ಆಸ್ಪತ್ರೆಗೆ ಎಟುಕುವ ಬೆಲೆಯ ಹೊಸ ಉಪಕರಣವೊಂದಕ್ಕೆ ಹಣ ಬೇಕೆಂದರೆ ಮಾತ್ರ ಮೊದಲು ಏಳುವುದೇ ಆ ಪ್ರಶ್ನೆ. ಸೋಲಬಹುದಾದ, ಗೆದ್ದರೆ ಕಂಪನಿಗೆ ಲಾಭ ತರಬಹುದಾದ ಕೆಲಸಕ್ಕೆ ಕೊಟ್ಟದ್ದು ದಾನವಾದೀತೇ? ಆಗುತ್ತದೆ ಎಂಬುದು ನನ್ನ ನಿಲುವು. ದೇಶ, ಕಾಲ, ಪಾತ್ರ ನೋಡಿ ಪ್ರತಿಫಲ ಬಯಸದೆ ಕೊಡುವುದನ್ನು ಗೀತೆಯ 17ನೇ ಅಧ್ಯಾಯ ಸಾತ್ತ್ವಿಕ ದಾನ ಎನ್ನುತ್ತದೆ. ಉಪಕರಣದ ಮೊದಲ ಮಾದರಿಗೆ ಕೇಂದ್ರದ ಬೈರಾಕ್ ಸಂಸ್ಥೆ 50 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತದೆ. ಕಷ್ಟ ಇರುವುದು ಆಮೇಲೆ: ರೋಗಿಗಳ ಮೇಲೆ ಪರೀಕ್ಷೆಯಾಗಬೇಕು, 2017ರ ವೈದ್ಯಕೀಯ ಉಪಕರಣ ನಿಯಮಗಳಡಿ ಪರವಾನಗಿ ಸಿಗಬೇಕು. ವರ್ಷಗಟ್ಟಲೆ ಹಿಡಿಯುವ ಈ ಹಾದಿಯಲ್ಲಿ, ಬೇಗ ಲಾಭ ಬೇಕೆನ್ನುವ ಹೂಡಿಕೆದಾರ ಬಡವರ ಉಪಕರಣದತ್ತ ಸುಳಿಯುವುದು ಅಪರೂಪ. ಫಲದ ಆಸೆಯಿಲ್ಲದ ಹಣಕ್ಕೆ ಇದಕ್ಕಿಂತ ತಕ್ಕ ಕಾಲ ಯಾವುದು?

ಹಸಿದವರು ಎದುರಿಗಿರುವಾಗ ಎಂದೋ ಆಗುವ ಯಂತ್ರಕ್ಕೆ ಕೊಡುವುದು ಧರ್ಮವೇ ಎಂಬ ಆಕ್ಷೇಪ ಹಗುರವಾದುದಲ್ಲ. ಅನ್ನದಾನದ ಹುಂಡಿಗೆ ಕೈ ಹಾಕಿ ಎಂದು ನಾನೂ ಹೇಳುತ್ತಿಲ್ಲ. ಆದರೆ ಮದುರೈಯ ಅರವಿಂದ್ ಕಣ್ಣಾಸ್ಪತ್ರೆಯ ಬಳಗ 1992ರಲ್ಲಿ, ಸೇವಾಸಂಸ್ಥೆಗಳ ನೆರವಿನಿಂದ, ಆರೋಲ್ಯಾಬ್ ಎಂಬ ಟ್ರಸ್ಟ್ ಕಟ್ಟಿತು. ಸುಮಾರು 100 ಡಾಲರ್‌ಗೆ ಆಮದಾಗುತ್ತಿದ್ದ, ಪೊರೆ ತೆಗೆದ ಕಣ್ಣಿಗೆ ಹಾಕುವ ಮಸೂರ ಅಲ್ಲೇ ತಯಾರಾಗಿ ಕೆಲವೇ ಡಾಲರ್‌ಗೆ ಸಿಗುವಂತಾಯಿತು. ಒಮ್ಮೆ ಕೊಟ್ಟದ್ದು ಕಂಡರಿಯದ ಊರುಗಳ ಕುರುಡನ್ನು ಇಂದಿಗೂ ನೀಗುತ್ತಿದೆ. ಅಂಥ ಟ್ರಸ್ಟ್‌ಗಳಿಗೆ ನಮ್ಮಲ್ಲಿ ಈಗ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಎಂಬ ಹೊಸ ಬಾಗಿಲಿದೆ. 2023ರಲ್ಲಿ ಅಲ್ಲಿ ಮೊದಲು ಹಣ ಎತ್ತಿದ್ದು ಬೆಂಗಳೂರಿನ ಉನ್ನತಿ ಫೌಂಡೇಶನ್, ಯುವಕರ ಉದ್ಯೋಗ ತರಬೇತಿಗಾಗಿ. ಹಣಕ್ಕಾಗಿ ಅದು ಹೊರಡಿಸಿದ ಪತ್ರಗಳನ್ನು ಕೊಂಡವರಿಗೆ ಬಡ್ಡಿಯಿಲ್ಲ, ಅಸಲೂ ಹಿಂದಿರುಗುವುದಿಲ್ಲ. ಲೆಕ್ಕ ಮಾತ್ರ ಸಿಗುತ್ತದೆ. ಶೇರುಪೇಟೆಯ ನಡುವೆಯೇ ಸಾತ್ತ್ವಿಕ ದಾನಕ್ಕೆ ಇಂಥದೊಂದು ಜಾಗ ಸಿಕ್ಕಿರುವುದು ನನಗೆ ಭರವಸೆ ತರುತ್ತದೆ.

ದಾನದ ಹಣ ಕಂಪನಿಯ ಸಂಪತ್ತಾದರೆ? ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆಗೆ ಮದ್ದು ಹುಡುಕುವ ಅದೇ ಹೆಸರಿನ ಅಮೆರಿಕದ ಫೌಂಡೇಶನ್ ಸುಮಾರು 15 ಕೋಟಿ ಡಾಲರ್ ದೇಣಿಗೆ ಹಣವನ್ನು ಒಂದು ಔಷಧ ಕಂಪನಿಗೆ ಕೊಟ್ಟು, 2014ರಲ್ಲಿ ತನ್ನ ರಾಯಧನದ ಹಕ್ಕು ಮಾರಿ 330 ಕೋಟಿ ಡಾಲರ್ ಪಡೆಯಿತು. ಆ ಹಣ ಸಂಶೋಧನೆಗೇ ಮರಳಿತು, ನಿಜ. ಆದರೆ ದೇಣಿಗೆಯಿಂದ ಹುಟ್ಟಿದ ಔಷಧದ ಬೆಲೆ ಆಗ ವರ್ಷಕ್ಕೆ ಸುಮಾರು ಮೂರು ಲಕ್ಷ ಡಾಲರ್ ಇತ್ತು. ಇಲ್ಲಿ ತಪ್ಪಿದ್ದು ದಾನವಲ್ಲ, ಪಾತ್ರದ ವಿಚಾರಣೆ. ಶರಣರ ದಾಸೋಹದಲ್ಲಿ ಕಾಯಕದ ಗಳಿಕೆ ಮತ್ತೆ ಸಮಾಜಕ್ಕೆ ಸಲ್ಲಬೇಕು. ಆ ಕಟ್ಟುಪಾಡನ್ನು ಕರಾರಿನಲ್ಲೇ ಬರೆಯಬೇಕು. ದಾನದಿಂದ ಹುಟ್ಟಿದ ಉಪಕರಣದ ಬೆಲೆಗೆ ಮಿತಿ ಇರಲಿ, ಲಾಭದ ಪಾಲು ಮುಂದಿನ ಪ್ರಯತ್ನಕ್ಕೆ ಹೋಗಲಿ. ಉಪಕರಣ ಸೋತರೆ ಪರೀಕ್ಷೆಯ ವರದಿಯನ್ನು ಮುಚ್ಚಿಡದೆ ಪ್ರಕಟಿಸಲಿ. ಅದೇ ತಪ್ಪಿಗೆ ಇನ್ನೊಬ್ಬರು ಹಣ ಸುರಿಯುವುದು ತಪ್ಪುತ್ತದೆ.