ಆಹಾರಶುದ್ಧಿಯೂ ನಿಯಮವ್ರತವೂ

ಪರ್ವದಿನದಲ್ಲಿ ಹಿರಿಯರು ಏಕಾಶನ ಮಾಡುವ ಮನೆಯಲ್ಲಿಯೇ ಮಕ್ಕಳ ಕೈಗೆ ಬಣ್ಣದ ಮಿಠಾಯಿಯ ಪೊಟ್ಟಣವು ಬರುತ್ತಿದ್ದರೆ, ಆ ವ್ರತವು ಮನೆಯ ಅರ್ಧಭಾಗವನ್ನು ಮಾತ್ರ ಮುಟ್ಟಿದಂತಾಯಿತು. ಕೆಲವು ತಿನಿಸುಗಳ ಕೆಂಪು ಬಣ್ಣವಾದ ಕಾರ್ಮೈನ್, ಕೊಕಿನೀಲ್ ಎಂಬ ಕೀಟಗಳನ್ನು ಕೊಂದು ಒಣಗಿಸಿ ತೆಗೆದದ್ದು. ಪೊಟ್ಟಣದ ಮೇಲೆ ಅದು 120 ಎಂಬ ಸಂಖ್ಯೆಯ ಮರೆಯಲ್ಲಿರಬಹುದು. ಜೆಲಾಟಿನ್ ಪ್ರಾಣಿಗಳ ಚರ್ಮ, ಎಲುಬುಗಳಿಂದ ಆದದ್ದು. ನಾಲಗೆಗೆ ಇವು ತಿಳಿಯವು. ಓದಿ ನೋಡದಿರುವುದೇ ಪ್ರಮಾದ.

ಹಾಗೆಂದು ನೈಸರ್ಗಿಕವಾದುದೆಲ್ಲವೂ ಭಕ್ಷ್ಯವಲ್ಲ. ಕೀಟದ ಬಣ್ಣವೂ ನಿಸರ್ಗದ್ದೇ ಅಲ್ಲವೇ? ಸಕ್ಕರೆಗೆ ಬದಲು ಜೇನು, ಕೃತಕ ಬಣ್ಣಕ್ಕೆ ಬದಲು ಬೀಟ್‌ರೂಟ್ ಎಂದು ಲೋಕವು ಹೇಳುತ್ತದೆ. ಆದರೆ ಮಧುತ್ಯಾಗವು ಶ್ರಾವಕನ ಅಷ್ಟಮೂಲಗುಣಗಳಲ್ಲೊಂದು, ಗಡ್ಡೆಯು ಅನಂತಕಾಯ. ಶ್ರಾವಕನಿಗೆ ಜೀವದಯೆಯೇ ಅಳತೆಗೋಲು. ಕೊಬ್ಬರಿ ಬೆಲ್ಲದ ಉಂಡೆ, ಎಳನೀರು, ಸೋಸಿದ ನೀರಿನ ನಿಂಬೆಪಾನಕ ಇವು ಆ ಅಳತೆಗೆ ಸಲ್ಲುತ್ತವೆ. ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆಯಿರುವುದರಿಂದ ಮನೆಯ ತಿಂಡಿಯೂ ಹೊಸದಾಗಿಯೇ ಇರಬೇಕು.

ಭೋಗೋಪಭೋಗ ಪರಿಮಾಣಕ್ಕೆ ಶ್ರೀ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎರಡು ಬಗೆಗಳನ್ನು ಹೇಳಿದ್ದಾರೆ: ಕಾಲಮಿತಿಯುಳ್ಳದ್ದು ನಿಯಮ, ಬದುಕಿರುವವರೆಗಿನದು ಯಮ. ಕೀಟ, ಎಲುಬುಗಳಿಂದಾದುದಕ್ಕೆ ಯಮವೇ ಯೋಗ್ಯ. ಉಳಿದ ಪೊಟ್ಟಣದ ತಿಂಡಿಗಳಲ್ಲಿ ಒಂದೊಂದನ್ನು ಒಂದೊಂದು ತಿಂಗಳ ನಿಯಮದಿಂದ ಬಿಡುತ್ತ ಬರಬಹುದು.

ಕಾರಣ ಹೇಳದೆ ಕಸಿದುಕೊಂಡರೆ ಮಗುವು ಮರೆಯಲ್ಲಿ ತಿಂದೀತು. ಆ ಬಣ್ಣಕ್ಕಾಗಿ ಸತ್ತ ಜೀವಗಳನ್ನು ತಾಯಿ ತಿಳಿಸಿ ಹೇಳಿದರೆ, ಅದು ಅಂಗಡಿಯ ಮುಂದೆಯೂ ತಾನಾಗಿ ಕೈ ಹಿಂದೆಗೆದೀತು. ಮಗುವಿನ ಮೊದಲ ವ್ರತ ಅದೇ.